ಕೋರಿಕೆ ಸಂಖ್ಯೆ ಒಂದು

ಅಧ್ಯಕ್ಷರಾದ ಶಿವಪುತ್ರಪ್ಪನವರೇ, ಉಪಾಧ್ಯಕ್ಷರೂ ಇಂದಿನ ಊಟದ ದಾನಿಗಳೂ ಆದ ದೇವದಾಸ್ ಅವರೇ, ಈ ಮರಾಠಿ ನಾಡಿನಲ್ಲಿರುವ ನಮ್ಮ ಕನ್ನಡ ಬಳಗಕ್ಕೆ ಜಾಲತಾಣ ಕಟ್ಟಿಕೊಟ್ಟ ಪೂರ್ವಾ ಅವರೇ, ಒಗ್ಗರಣೆಯ ವಾಸನೆ ಬರುತ್ತಿದ್ದರೂ ಜಾಗ ಬಿಟ್ಟೇಳದ ಸಹನಶೀಲ ಸಭಿಕರೇ,

ಬಳಗದ ಮಾಹಿತಿ ರಕ್ಷಣಾಧಿಕಾರಿ ಎಂದು ನನಗೆ ಈಗಷ್ಟೇ ಶಾಲು ಹೊದಿಸಿದ್ದೀರಿ. ನಮ್ಮಲ್ಲಿ ಸನ್ಮಾನ ಯಾವಾಗಲೂ ದಂಪತಿಗಳಿಗೆ. ಆದ್ದರಿಂದ ವೇದಿಕೆಯ ಮೇಲೆ ನನಗೆಂದು ಎರಡು ಕುರ್ಚಿ, ಎರಡು ಶಾಲು, ಎರಡು ಹಣ್ಣಿನ ಬುಟ್ಟಿ. ಒಂದು ಕುರ್ಚಿ ಖಾಲಿ ಇದೆ. ಪಾರ್ಕಿಂಗ್ ಸಿಕ್ಕಿರಲಿಕ್ಕಿಲ್ಲ ಎಂದು ಅಧ್ಯಕ್ಷರು ಮೈಕಿನಲ್ಲೇ ಸಮಾಧಾನ ಹೇಳಿದರು. ಆ ಕುರ್ಚಿ ಯಾಕೆ ಖಾಲಿ ಎಂದು ಹೇಳುವುದಕ್ಕೇ ನಾನು ಎದ್ದು ನಿಂತಿರುವುದು. ಹೇಳಿ ಮುಗಿಸುತ್ತೇನೋ, ವಂದನೆ ಸಲ್ಲಿಸಿ ಕೂತುಬಿಡುತ್ತೇನೋ, ನನಗೇ ಖಾತ್ರಿಯಿಲ್ಲ. ಹಾಗಾಗಿ ಮೊದಲು ಜಾಲತಾಣದ ವಿಷಯ ಹೇಳುತ್ತೇನೆ. ಅದು ಸುಲಭ.

ಕಳೆದ ವರ್ಷದ ಸಭೆ ನಿಮಗೆ ನೆನಪಿರಬಹುದು. ಜನರ ಮಾಹಿತಿ ಸೇರಿಸುವವರು ಅವರ ಸಮ್ಮತಿ ಪಡೆಯಬೇಕು, ಅದನ್ನು ಕಾಪಾಡಬೇಕು, ಕೇಳಿದರೆ ತಿದ್ದಬೇಕು ಎಂಬ ಕಾನೂನು ಬಂದಿದೆ ಎಂದು ಯಾರೋ ಅಧ್ಯಕ್ಷರನ್ನು ಹೆದರಿಸಿದ್ದರು. ಇಂಗ್ಲಿಷ್ ಮೀಡಿಯಂ ಯಾರು ಎಂದು ಅವರು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಇಂಗ್ಲಿಷಿನಲ್ಲಿ ಓದಿದವಳಿಗೆ ಕಾನೂನು ತಿಳಿಯುತ್ತದೆ ಎಂಬ ನಂಬಿಕೆ ನಮ್ಮ ಬಳಗದಲ್ಲಿ ಎಷ್ಟು ಗಟ್ಟಿ! ನಾನೂ ಅದನ್ನು ಅಲ್ಲಗಳೆಯಲಿಲ್ಲ. ಯಾಕೆ ಅಲ್ಲಗಳೆಯಲಿಲ್ಲ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹುದ್ದೆ ಅಂದರೆ ನನಗೂ ಆಸೆಯೇ.

ಹದಿನಾಲ್ಕು ಕಲಮುಗಳ ಗೋಪ್ಯತಾ ನೀತಿಯನ್ನು ನಾನು ಕನ್ನಡದಲ್ಲಿ ಬರೆದೆ. ಯಾರು ಯಾವ ಪುಟವನ್ನು ಎಷ್ಟು ಸಲ ತೆರೆದರು ಎಂದು ಜಾಲತಾಣ ಲೆಕ್ಕ ಇಡುತ್ತದೆ. ಒಂದು ವರ್ಷದಲ್ಲಿ ಆ ನೀತಿಯ ಪುಟ ನಲವತ್ತೊಂದು ಸಲ ತೆರೆದಿದೆ. ನಲವತ್ತೊಂದೂ ನನ್ನ ಮನೆಯಿಂದ.

ಆಮೇಲೆ ಸಮ್ಮತಿ ಸಂಗ್ರಹಕ್ಕೆ ಹೊರಟೆ. ದೇವದಾಸ್ ಅವರು ಹೋಟೆಲಿನ ಗಲ್ಲಾದಲ್ಲಿ ಕೂತು, "ಎಂಥ ಗೋಪ್ಯ ಮಾರಾಯ್ರೆ? ನನ್ನ ನಂಬರು ಹೊರಗೆ ಬೋರ್ಡಿನಲ್ಲೇ ಉಂಟು" ಎಂದು ಸಹಿ ಹಾಕಿದರು. ನಾನು ಕೇಳಿದ್ದು ಹೆಸರು, ವಿಳಾಸ, ಫೋನು ಇಷ್ಟೇ. ಕೊನೆಯಲ್ಲಿ 'ಇತರೆ' ಎಂದು ಒಂದು ಅಂಕಣ ಬಿಟ್ಟಿದ್ದೆ. ಅದು ನನ್ನ ತಪ್ಪು. ಮಗಳ ಜಾತಕ ಬಂತು, ಪಿತ್ತಕೋಶದ ಸ್ಕ್ಯಾನ್ ಬಂತು. ಹಿರಿಯ ಸದಸ್ಯೆಯೊಬ್ಬರು ಊಟಕ್ಕೆ ಮುಂಚಿನ ಸಕ್ಕರೆ ಇಷ್ಟು, ಊಟದ ನಂತರದ್ದು ಇಷ್ಟು ಎಂದು ಬರೆದು, ಕೆಳಗೆ ವೈದ್ಯರ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಸೇರಿಸಿದ್ದರು. ಶಿವಗಂಗವ್ವನವರೇ, ದಯವಿಟ್ಟು ಕೈ ಎತ್ತಬೇಡಿ. ಅದು ನೀವೆಂದು ನಾನು ಹೇಳಿಲ್ಲ.

ರಹಸ್ಯಪದದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಜಾಲತಾಣಕ್ಕೆ ಪಾಸ್‌ವರ್ಡ್ ಇಡಿ, ಯಾರಿಗೂ ಹೇಳಬೇಡಿ ಎಂದು ಪೂರ್ವಾ ತಿಳಿಸಿದ್ದರು. ಆದರೆ ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಠರಾವು ಇಲ್ಲದೆ ಯಾವುದಾದರೂ ಆದದ್ದುಂಟೇ? ಪಾಸ್‌ವರ್ಡನ್ನು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ನಡಾವಳಿ ಪುಸ್ತಕದಲ್ಲಿ ಅಕ್ಷರ ಅಕ್ಷರ ದಾಖಲಾಯಿತು, ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ ಸ್ಥಿರೀಕರಿಸಲಾಯಿತು. ನಾನು ಆಕ್ಷೇಪಿಸಿದೆ. ಆಕ್ಷೇಪವೂ ದಾಖಲಾಯಿತು.

ಇನ್ನು ಸನ್ಮಾನದ ಕಾರಣಕ್ಕೆ ಬರುತ್ತೇನೆ. ಈ ವರ್ಷವಿಡೀ ಮಾಹಿತಿ ತಿದ್ದಬೇಕೆಂದು ಬಂದದ್ದು ಒಂದೇ ಒಂದು ಕೋರಿಕೆ, ಜೂನ್ ಹನ್ನೊಂದರಂದು. ಮೂವತ್ತು ದಿನದೊಳಗೆ ಅಧಿಕಾರಿ ಅದನ್ನು ಇತ್ಯರ್ಥ ಮಾಡದಿದ್ದರೆ ಅಧ್ಯಕ್ಷರ ಮೊಬೈಲಿಗೆ ತಾನಾಗಿ ಸಂದೇಶ ಹೋಗುತ್ತದೆ: ಕೋರಿಕೆ ಸಂಖ್ಯೆ ಒಂದು ಬಾಕಿ ಇದೆ, ವಿವರ ಗೋಪ್ಯ. ಅಧ್ಯಕ್ಷರು ಫೋನು ಮಾಡಿದರು.

"ಯಾರದ್ರಿ ಅದು, ಮಾಧುರಿ?"

"ಹೇಳೂ ಹಂಗಿಲ್ಲರಿ ಸರ್. ಗೋಪ್ಯ ಅದ."

"ಅಧ್ಯಕ್ಷಗೂ?"

"ಅಧ್ಯಕ್ಷರಿಗೂ."

ಅವರು ಫೋನು ಇಟ್ಟುಬಿಟ್ಟರು. ಸಿಟ್ಟಾದರೇನೋ ಅಂದುಕೊಂಡೆ. ಮರುದಿನ ದೇವದಾಸ್ ಅವರ ಹೋಟೆಲಿನಲ್ಲಿ ಅವರು ಎಲ್ಲರ ಮುಂದೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಆಕಿ ಹೊಟ್ಟ್ಯಾಗ ಮಾತು ಉಳೀತದ್ರಿ. ನನಗೂ ಹೇಳಲಿಲ್ಲ." ಅಂದಿನಿಂದ ನನ್ನ ಕೀರ್ತಿ ಬೆಳೆಯಿತು. ಅಧ್ಯಕ್ಷರಿಗೆ ಪ್ರತಿ ತಿಂಗಳೂ ಸಂದೇಶ ಹೋಯಿತು, ಪ್ರತಿ ತಿಂಗಳೂ ನಾನು ಹೇಳಲಿಲ್ಲ. ಸಭೆಗೆ ಬಾರದವರನ್ನೆಲ್ಲ ನೀವು ಸರದಿಯ ಮೇಲೆ ಅನುಮಾನಿಸಿದಿರಿ. ಕೊನೆಗೆ, ಸದಸ್ಯರೊಬ್ಬರ ಗುಟ್ಟನ್ನು ಪ್ರಾಣದಂತೆ ಕಾಪಾಡಿದ ಅಧಿಕಾರಿ ಎಂದು ಈ ಸನ್ಮಾನ ಗೊತ್ತು ಮಾಡಿದಿರಿ. ಪದ್ಧತಿಯಂತೆ ಆಕೆ ವಿವಾಹಿತೆಯೇ ಎಂದು ಜಾಲತಾಣದಲ್ಲಿ ನೋಡಿದಿರಿ. 'ವಿವಾಹಿತೆ, ಪತಿ ರೋಹಿತ' ಎಂದಿತ್ತು. ಎರಡು ಶಾಲು ತಂದಿರಿ.

ಸಭಿಕರೇ, ಕೋರಿಕೆ ಸಂಖ್ಯೆ ಒಂದು ನನ್ನದು. ಆ ಸಾಲನ್ನು ತೆಗೆಯಿರಿ ಎಂದು ಸದಸ್ಯೆ ಮಾಧುರಿ ಅಧಿಕಾರಿ ಮಾಧುರಿಗೆ ಬರೆದದ್ದು.

ಬಳಗದ ಹಳೆಯ ಕೈಪಿಡಿಯಿಂದ ಎತ್ತಿ ಹಾಕಿದ ಸಾಲು ಅದು. ಕೈಪಿಡಿ ಅಚ್ಚಾದಾಗ ನಿಜವಾಗಿತ್ತು. ರೋಹಿತ ಚಾಕಣದ ಕಾರ್ಖಾನೆಯ ಹತ್ತಿರ ಒಂದು ಕೋಣೆ ಮಾಡಿಕೊಂಡರು, ಶಿಫ್ಟಿಗೆ ಅನುಕೂಲವೆಂದು. ಮೊದಲು ಪ್ರತಿ ಶನಿವಾರ ಬರುತ್ತಿದ್ದರು. ಆಮೇಲೆ ಒಂದು ಶನಿವಾರ ಬಿಟ್ಟು ಒಂದು ಶನಿವಾರ. ಒಂದು ದಿನ ಬಂದು ಮಿಕ್ಸರ್ ಒಯ್ದರು. ಮಿಕ್ಸರ್ ಒಯ್ದವರು ತಿರುಗಿ ಬರುವುದಿಲ್ಲ ಎಂದು ನನಗೆ ಹೇಗೋ ತಿಳಿಯಿತು. ಜಗಳವೇ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಶಿವಾಜಿನಗರದ ನ್ಯಾಯಾಲಯದಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನವಾಯಿತು. ಸಮ್ಮತಿ ಸ್ವಂತದ್ದೇ ಎಂದು ನ್ಯಾಯಾಧೀಶರು ಕೇಳಿದರು, ಆರು ತಿಂಗಳು ಬಿಟ್ಟು ಮತ್ತೆ ಕೇಳಿದರು. ನಮ್ಮ ಜಾಲತಾಣ ಒಂದೇ ಸಲ ಕೇಳುತ್ತದೆ. ಅದರಲ್ಲೂ 'ಒಪ್ಪಿಗೆ' ಎಂಬಲ್ಲಿ ಗುರುತು ಮೊದಲೇ ಬಿದ್ದಿರುತ್ತದೆ.

ಹಾಗಾದರೆ ಆ ಸಾಲನ್ನು ನಾನೇ ಅಳಿಸಬಹುದಿತ್ತಲ್ಲವೇ? ಒಂದು ಬಟನ್ ಒತ್ತಿದರಾಯಿತು. ಆದರೆ ಯಾರದೇ ಪುಟ ಬದಲಾದರೂ ಬಳಗದ ವಾಟ್ಸಾಪ್ ಗುಂಪಿಗೆ 'ಇವರ ವಿವರ ಬದಲಾಗಿದೆ, ನೋಡಿ' ಎಂದು ಸಂದೇಶ ಹೋಗುವ ಏರ್ಪಾಡಿದೆ. ಪಾರದರ್ಶಕತೆ ಬೇಕೆಂದು ಆ ಏರ್ಪಾಡನ್ನು ಪೂರ್ವಾ ಅವರಿಂದ ಮಾಡಿಸಿಕೊಂಡವಳು ನಾನೇ.

ಹೀಗಾಗಿ ಪತ್ರವ್ಯವಹಾರಕ್ಕೆ ಇಳಿದೆ. ಅಧಿಕಾರಿ ಸದಸ್ಯೆಗೆ ಬರೆದಳು: ಕಾರಣ ತಿಳಿಸಿ. ಸದಸ್ಯೆ ಉತ್ತರಿಸಿದಳು: ಆರನೆಯ ಕಲಮಿನಂತೆ ನೀವು ಕಾರಣ ಕೇಳುವ ಹಾಗಿಲ್ಲ. ಅಧಿಕಾರಿ ಕ್ಷಮೆ ಕೇಳಿ ದಾಖಲೆ ಬೇಡಿದಳು. ಸದಸ್ಯೆ ನ್ಯಾಯಾಲಯದ ಆದೇಶವನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಖುದ್ದಾಗಿ ಸಲ್ಲಿಸಿದಳು. ಅಧಿಕಾರಿ ಒಡೆಯಲಿಲ್ಲ. ಒಳಗೆ ಏನಿದೆ ಎಂದು ಗೊತ್ತಲ್ಲ ಎಂದು ಸದಸ್ಯೆ ಚುಚ್ಚಿದಳು. ಖಾಸಗಿಯಾಗಿ ತಿಳಿದ ಸಂಗತಿಯನ್ನು ಕಚೇರಿಯ ಕೆಲಸಕ್ಕೆ ಬಳಸುವುದು ನೀತಿಗೆ ವಿರುದ್ಧ ಎಂದು ಅಧಿಕಾರಿ ತಿಳಿಸಿದಳು. ನಗಬೇಡಿ. ಎರಡು ತಿಂಗಳು ಇದರಲ್ಲೇ ಹೋಯಿತು. ಸಂಜೆ ಅಡುಗೆ ಮಾಡುವಾಗ ನನಗೆ ಆ ಅಧಿಕಾರಿಯ ಮೇಲೆ ನಿಜವಾಗಿಯೂ ಕೋಪ ಬರುತ್ತಿತ್ತು.

ಈ ಗುಣ ಎಲ್ಲಿಂದ ಬಂತು? ಅಪ್ಪ ದೇಹೂ ರೋಡಿನಲ್ಲಿ ಸೈನ್ಯದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯ ಮಾತು ಹೊರಗೆ ಆಡಬಾರದೆಂಬ ನಿಯಮವಿತ್ತು. ಅಪ್ಪ ಅದನ್ನು ಎಷ್ಟು ಪಾಲಿಸಿದರೆಂದರೆ, ಡಬ್ಬಿಯಲ್ಲಿ ರೊಟ್ಟಿ ಯಾಕೆ ಉಳಿಯಿತು ಎಂದು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮವ್ವ ಕಾಶವ್ವ, ಅಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ಅಪ್ಪನಿಗೆ ಪೂರ್ತಿ ವಿರುದ್ಧ. ಕ್ವಾರ್ಟರ್ಸಿನ ನಳದ ಹತ್ತಿರ ಕೊಡ ತುಂಬುವಷ್ಟರಲ್ಲಿ ನಮ್ಮ ಮನೆಯ ಇಡೀ ವಾರ್ತೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಮುಗಿಸುತ್ತಿದ್ದಳು. ನನ್ನ ಏಳನೆಯ ತರಗತಿಯ ಗಣಿತದ ಅಂಕ ನನಗಿಂತ ಮೊದಲು ಓಣಿಗೆ ಗೊತ್ತಾಯಿತು. ನಾನು ಅತ್ತಾಗ ಅವ್ವ, "ನಾವ ಹೇಳಿಬಿಟ್ರ ಮುಗೀತವ್ವ. ಹೇಳಲಿಲ್ಲಂದ್ರ ಮಂದಿ ಒಂದು ಕಥಿ ಕಟ್ತಾರ, ಅದು ನಮ್ಮದಕಿಂತ ಛಂದ ಇರತದ" ಎಂದಿದ್ದಳು. ನನಗೆ ಆಗ ಅವ್ವನ ಮೇಲೆ ಭಾರಿ ಸಿಟ್ಟು.

ಅಂಥ ಅವ್ವನಿಗೆ ಮೂರು ವರ್ಷದ ಹಿಂದೆ ನಾನು ಆಣೆ ಹಾಕಿದೆ. ಬಳಗದಲ್ಲಿ ಯಾರಿಗೂ ಹೇಳಕೂಡದು ಎಂದೆ. ಅಳಿಯ ಎಲ್ಲಿ ಎಂದು ನೀವು ಸಂಕ್ರಾಂತಿಯಲ್ಲಿ ಕೇಳಿದಿರಿ, ಯುಗಾದಿಯಲ್ಲಿ ಕೇಳಿದಿರಿ, ರಾಜ್ಯೋತ್ಸವದಲ್ಲಿ ಕೇಳಿದಿರಿ. "ಸೆಕೆಂಡ್ ಶಿಫ್ಟ್ ಅದರಿ" ಎಂದು ಅವ್ವ ಪ್ರತಿ ಸಲವೂ ಅದನ್ನೇ ಹೇಳಿದಳು. ಒಬ್ಬ ಮನುಷ್ಯನಿಗೆ ಮೂರು ವರ್ಷ ಬಿಡದೆ ಸೆಕೆಂಡ್ ಶಿಫ್ಟ್ ಹಾಕುವುದು ಅನ್ಯಾಯವೆಂದು ದೇವದಾಸ್ ಅವರು ಬಳಗದ ಪರವಾಗಿ ಕಂಪನಿಗೆ ಪತ್ರ ಬರೆಯಲು ಹೊರಟಿದ್ದರು. ನಾನೇ ತಡೆದೆ. ದೇವದಾಸ್ ಅವರೇ, ನಿಮ್ಮ ಕಾಳಜಿಗೆ ನಾನು ಋಣಿ.

ಈಚೆಗೆ ಅವ್ವ ನಿಮ್ಮೆದುರು ಮಾತೇ ಕಡಿಮೆ ಮಾಡಿದ್ದಾಳೆ. ಕಿವಿ ಮಂದವಾಗಿದೆ ಎಂದು ನೀವು ತಿಳಿದಿದ್ದೀರಿ. ಕಿವಿ ಸರಿಯಾಗಿಯೇ ಇದೆ. ಒಂದು ಸಂಗತಿಯನ್ನು ಬಿಟ್ಟು ಮಾತಾಡುವುದು ಆಕೆಗೆ ಬರುವುದಿಲ್ಲ, ಅದಕ್ಕೇ ಎಲ್ಲ ಸಂಗತಿಗಳನ್ನೂ ಬಿಟ್ಟಳು. ನಿನ್ನೆ ಈ ಸಮಾರಂಭಕ್ಕೆ ಸೀರೆ ಮಡಿಸುತ್ತಾ, "ನಾಳೆ ನಾ ಬರೂದಿಲ್ಲ ತಂಗಿ. ಆ ಎರಡನೇ ಶಾಲು ನೋಡಿ ನನಗ ತಡಕೊಳ್ಳಾಕ ಆಗೂದಿಲ್ಲ" ಎಂದಳು. ಯಾರ ಮಾಹಿತಿಯನ್ನು ನಾನು ಯಾರಿಂದ ಕಾಪಾಡುತ್ತಿದ್ದೇನೆ ಎಂದು ಆಗ ನನಗೆ ನಾಚಿಕೆಯಾಯಿತು. ಒತ್ತಾಯ ಮಾಡಿ ಕರೆದುಕೊಂಡು ಬಂದೆ.

ನಾನೇ ಬರೆದ ಹನ್ನೊಂದನೆಯ ಕಲಮಿನಲ್ಲಿ ಹೀಗಿದೆ: ತಪ್ಪು ಮಾಹಿತಿ ಯಾರು ಯಾರಿಗೆ ತಲುಪಿದೆಯೋ ಅವರೆಲ್ಲರಿಗೂ ಅಧಿಕಾರಿ ತಿದ್ದುಪಡಿಯನ್ನು ತಿಳಿಸತಕ್ಕದ್ದು. ಅವರೆಲ್ಲರೂ ಇಂದು ಈ ಸಭಾಂಗಣದಲ್ಲಿ ಇದ್ದೀರಿ. ಹಾಗಾಗಿ ನೀವು ಇಷ್ಟು ಹೊತ್ತು ಕೇಳಿದ್ದು ಸನ್ಮಾನಕ್ಕೆ ಉತ್ತರವಲ್ಲ, ಕಲಮಿನ ಪ್ರಕಾರ ಕೊಟ್ಟ ತಿಳಿವಳಿಕೆ. ಇಗೋ, ಬಟನ್ ಒತ್ತಿದೆ. ಈಗ ಎಲ್ಲರ ಫೋನುಗಳೂ ಸದ್ದು ಮಾಡಿದವಲ್ಲ, ಅದು ನಾನೇ. ಅಧ್ಯಕ್ಷರೇ, ನಿಮ್ಮ ಫೋನಿನಲ್ಲಿ ಕೋರಿಕೆ ಸಂಖ್ಯೆ ಒಂದು ಇತ್ಯರ್ಥವಾಗಿದೆ ಎಂದು ಬಂದಿರಬೇಕು. ಗುಟ್ಟು ಕಾಪಾಡಿದ್ದಕ್ಕೆಂದು ಕೊಟ್ಟ ಶಾಲನ್ನು ವಾಪಸ್ಸು ಪಡೆಯಬೇಕೆಂದಿದ್ದರೆ ಅದಕ್ಕೂ ಒಂದು ಠರಾವು ಮಾಡಿ, ಬೇಸರವಿಲ್ಲ.

ಊಟದ ಸಾಲಿನಲ್ಲಿ ನೀವೆಲ್ಲ ನನ್ನನ್ನು ಕೇಳಬೇಕೆಂದಿರುವುದು ನನಗೆ ಗೊತ್ತು. ಯಾಕಾಯಿತು, ಅವರ ಕಡೆಯವರು ಏನಂದರು, ಮುಂದೇನು. ನನಗೆ ಅಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ. ಮೂರನೆಯ ಸಾಲಿಗೆ ಹೋಗಿ. ಅವ್ವಾ, ನನ್ನ ಪೂರ್ಣ ಸಮ್ಮತಿ ಇದೆ, ಎಲ್ಲ ಹೇಳು. ಮಿಕ್ಸರ್ ವಿಷಯದಿಂದ ಶುರು ಮಾಡು.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.