ಹಲ್ಲುಜ್ಜುವ ಹುಲಿಯ ಕಣ್ಣು

ಹಲೋ... ಹಾಂ, ಮೂರನೇ ಕ್ಲಾಸಿನ ಟೀಚರೇ ಮಾತಾಡ್ತಿರೋದು. ತಾವು ಯಾರು?

... ಪ್ರಕಾಶನದೋರಾ? ಶಾಲೆಗೆ ಚಿತ್ರದ ಪದ್ಯಪುಸ್ತಕ ಆರಿಸಿದ್ದು ಏನಾಯ್ತು ಅಂತ ಕೇಳೋಕಾ? ... ಅತ್ತಿಗೆ, ಮೊದಲು ಮೂಗು ಹಿಡ್ಕೊಂಡಿರೋ ಕೈ ತೆಗೀರಿ. ಅಣ್ಣನ ಮದುವೆ ಆದಾಗಿಂದ ನಿಮ್ಮ ದನಿ ಕೇಳ್ತಿದೀನಿ, ಗೊತ್ತಾಗಲ್ವಾ ನಂಗೆ?

... ಇಲ್ಲ, ಮಕ್ಕಳು ಆಟಕ್ಕೆ ಹೋಗಿದಾರೆ. ಒಬ್ಬಳೇ ಚಾಪೆ ಮೇಲೆ ಕೂತು ಪುಸ್ತಕ ಜೋಡಿಸ್ತಿದೀನಿ. ಹೇಳಿ.

... ಆರಿಸಿದ್ದು ನಾನಲ್ಲ ಅತ್ತಿಗೆ. ಓದೋರು ಅವರು, ಆರಿಸೋರೂ ಅವರೇ ಆಗಲಿ ಅಂತ ಎಲ್ಲ ಪುಸ್ತಕಾನೂ ಚಾಪೆ ಮೇಲೆ ಹರಡಿಬಿಟ್ಟೆ. ನಿಮ್ಮ ಹುಲಿ ಪುಸ್ತಕಾನೂ ಇತ್ತು. ಅದರ ಚಿತ್ರ ಬರೆದದ್ದು ನಮ್ಮತ್ತಿಗೆ ಅಂತ ನಾನು ಬಾಯೇ ಬಿಡಲಿಲ್ಲ.

... ಗೆದ್ದದ್ದಾ? ಕೆಸರಲ್ಲಿ ಹೊರಳಾಡೋ ನೀರಾನೆ. ... ಹೌದು, ಬಣ್ಣ ಗೆರೆಯಿಂದಾಚೆ ಹೋಗಿದೆ, ನಂಗೂ ಕಾಣುತ್ತೆ. ಆದ್ರೆ ಪುಟ ತೆಗೆದ ಕೂಡ್ಲೇ ಕೆಸರು ತಮ್ಮ ಮೇಲೇ ಹಾರಿತೇನೋ ಅನ್ನೋ ಹಾಗೆ ಕಿರುಚ್ಕೊಂಡು ಹಿಂದೆ ಸರಿದ್ರು, ಏನ್ಮಾಡ್ಲಿ? ಹೆಡ್‌ಮಿಸ್ ಮೆಚ್ಚಿದ್ದು ಬೇರೆ. ದಪ್ಪ ರಟ್ಟು, ಪ್ರತಿ ಪದ್ಯದ ಕೊನೇಲೂ ಒಂದು ಬುದ್ಧಿಮಾತು. ಅದನ್ನ ಕೆಳಗೆ ಹಾಕ್ಕೊಂಡು ಇಬ್ಬರು ಹುಡುಗರು ಆರಾಮಾಗಿ ಕೂತಿದ್ರು.

... ನಿಮ್ಮದಾ... ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ... ಆಗಲೇ ಮಾಡ್ಕೊಂಡಾಯ್ತಾ? ನಾನಿನ್ನೂ ಶುರುವೇ ಮಾಡಿಲ್ಲ.

... ಹುಲಿ ಹಲ್ಲುಜ್ಜಿ ಕಾಡೆಲ್ಲ ನೊರೆ ಮಾಡುತ್ತಲ್ಲ, ಆ ಪದ್ಯ ಓದಿದೆ. ಬಿದ್ದು ಬಿದ್ದು ನಕ್ರು. ಆಮೇಲೆ ಚಿತ್ರ ತೋರಿಸಿದೆ. ಕ್ಲಾಸೇ ತಣ್ಣಗಾಯ್ತು. ಹಲ್ಲಿನ ಡಾಕ್ಟರ ಮಗಳು ಎದ್ದು ನಿಂತು, "ಮಿಸ್, ಇದಕ್ಕೆ ಹಲ್ಲುನೋವಲ್ಲ, ಇದು ಅಳ್ತಿದೆ" ಅಂದ್ಲು.

... ಹೌದು, ಹುಲಿ. ಅಳ್ತಿದೆ ಅಂತ. ... ನಾನೇನೂ ಹೇಳಿಕೊಟ್ಟಿಲ್ಲಪ್ಪ. ನಿಮ್ಮ ಪುಸ್ತಕಕ್ಕೆ ಒಬ್ಬರೂ ಕೈ ಎತ್ತಲಿಲ್ಲ.

... ಇಡಬೇಡಿ, ಫೋನ್ ಇಡಬೇಡಿ. ಕಥೆ ಮುಗಿದಿಲ್ಲ.

ಕ್ಲಾಸಿಗೆ ಹೊಸದಾಗಿ ಒಬ್ಬಳು ಸೇರಿದಾಳೆ, ತುಟಿ ಪಿಟಕ್ ಅನ್ನಲ್ಲ ಅಂದಿದ್ನಲ್ಲ? ... ಹಾಂ, ಅವಳೇ. ಹಾಜರಿ ಕೂಗಿದ್ರೂ ಬರೀ ಬೆರಳು ಎತ್ತೋಳು. ಎಲ್ಲರೂ ನೀರಾನೆಗೆ ಮುತ್ತಿಕೊಂಡಿದ್ರೆ ಇವಳು ನಿಮ್ಮ ಹುಲೀನ ಎತ್ಕೊಂಡು ಹೋಗಿ ಬೀರು ಸಂದೀಲಿ ಕೂತಳು. ಏನೋ ಪಿಸುಪಿಸು ಕೇಳಿಸ್ತು. ಸೀಮೆಸುಣ್ಣ ಹುಡುಕೋ ನೆಪದಲ್ಲಿ ಹತ್ರ ಹೋದೆ. ಪದ್ಯ ಓದಿ ಹೇಳ್ತಿದಾಳೆ, ಹುಲಿಗೆ. ಓದಿ ಮುಗಿಸಿ, "ಅಳಬೇಡ, ನಾನೂ ಇಲ್ಲಿ ಹೊಸಬಳೇ" ಅಂದ್ಲು.

... ಹೂಂ. ಅಷ್ಟೇ.

... ಹೆಡ್‌ಮಿಸ್‌ಗೆ ಹೇಳಿದೆ. ಚಿತ್ರ ನಮ್ಮತ್ತಿಗೇದು ಅಂತಾನೂ ಹೇಳಿದೆ, ಆಮೇಲೆ ಮಾತು ಬರಬಾರದು ನೋಡಿ. ಅವರು ಕನ್ನಡಕ ಏರಿಸ್ಕೊಂಡು ಆ ಒಂದೇ ಪುಟಾನ ತುಂಬ ಹೊತ್ತು ನೋಡಿದ್ರು. "ಬುದ್ಧಿಮಾತಿಂದು ಬಿಡಿ, ಇದನ್ನ ಇಟ್ಕೊಳ್ಳಿ" ಅಂದ್ರು.

... ಏನಂದ್ರಿ? ಮುಂದಿನ ಸಲ ಅಚ್ಚು ಹಾಕುವಾಗ ಕಣ್ಣು ತಿದ್ದಿ, ನಗೋ ಹಾಗೆ ಮಾಡ್ತೀರಾ? ... ಆ ಕಣ್ಣು ಮುಟ್ಟಿ ನೋಡಿ. ನಾದಿನಿ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ.

... ಅಲ್ಲ ಅತ್ತಿಗೆ, ಪದ್ಯ ಅಷ್ಟು ತಮಾಷೆಯಾಗಿದೆ. ಆ ಕಣ್ಣು ಎಲ್ಲಿಂದ ಬಂತು?

... ಯಾವಾಗ? ಪುಟ್ಟೀನ ಹಾಸ್ಟೆಲಿಗೆ ಬಿಟ್ಟು ಬಂದ ವಾರಾನಾ? ... ಅಳ್ತಾ ಬರೆದದ್ದಾ? ನೀವಾ? ಆ ವಾರ ಊಟಕ್ಕೆ ಬಂದಾಗ ವಾರ್ಡನ್ ನಡಿಗೆ ನಡೆದು ತೋರಿಸಿ ನಮ್ಮನ್ನೆಲ್ಲ ನಗಿಸಿದ್ರಲ್ಲ. ... ಅಣ್ಣನಿಗೂ ಹೇಳಿಲ್ವಾ?

... ಪುಟ್ಟಿಗೆ? ... ಅಮ್ಮ ಅತ್ತದ್ದು ಅವಳಿಗೆ ಹೇಗೆ ಗೊತ್ತಾಗುತ್ತೆ ಅತ್ತಿಗೆ, ಗೇಟಲ್ಲಿ ನಗ್ತಾ ನಗ್ತಾ ಟಾಟಾ ಮಾಡಿ ಬಂದೋರು ನೀವು. ತಾನಿಲ್ದೇ ಇದ್ರೂ ಮನೇಲಿ ಯಾರಿಗೂ ಏನೂ ಅನ್ನಿಸ್ತಿಲ್ಲ ಅಂದ್ಕೊಂಡಿರ್ತಾಳೆ ಪಾಪ.

... ಅವಳಿಗೂ ಈಗ ಬಿಡುವಿನ ಹೊತ್ತೇ ಅಲ್ವಾ? ಮಾತಾಡೋಕೆ ಬಿಡ್ತಾರಾ? ... ಬಿಡ್ತಾರೆ ತಾನೆ? ಮತ್ತೆ ನನ್ನ ಹತ್ರ ಏನು ಹರಟೆ, ಅವಳಿಗೆ ಫೋನ್ ಮಾಡಿ. ... ಏನು ಹೇಳ್ಲಿ ಅಂದ್ರೆ? ಹುಲಿ ವಿಷಯ ಹೇಳಿ. ನಗಿಸೋಕೆ ಮಾತ್ರ ಹೋಗಬೇಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ. ಆಮೇಲೆ ಒಂದಿನ ನಮ್ಮ ಕ್ಲಾಸಿಗೂ ಬಂದು...

ಹಲೋ? ... ಅತ್ತಿಗೆ? ... ಇಟ್ಟೇಬಿಟ್ರಾ?