ಸಹಿ ಯಾರ ಹೆಸರಲ್ಲಿ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿಗೆ ಆಗಷ್ಟೇ ಡ್ರಾಪ್ಸ್ ಹಾಕಿದ್ದರು. ಅಕ್ಷರವೆಲ್ಲ ಮಂಜಾಗಿದ್ದರಿಂದ ಅವಳ ಲ್ಯಾಪ್‌ಟಾಪನ್ನು ಜೊತೆಗೆ ಬಂದಿದ್ದ ತಮ್ಮನೇ ಓದಿ ಹೇಳುತ್ತಿದ್ದ.

“ಸಾಫ್ಟ್‌ವೇರ್ ರಿಲೀಸ್ ಮತ್ತೆ ನಿಂತೋಯ್ತು ಅಕ್ಕ. ಹೊಸ ವರ್ಷನ್‌ಗೆ ನಿನ್ನ ಸಹಿ ಹಾಕೋ ಡಿಜಿಟಲ್ ಕೀ ಸಿಕ್ತಿಲ್ವಂತೆ.”

“ಯಾವ ಹೆಸರಲ್ಲಿ ಹುಡುಕ್ತಿದೆ ನೋಡು.”

“ನಿನ್ನ ಹಳೇ ಹೆಸರಲ್ಲಿ. ಭಾವನ ಹೆಸರು ಇನ್ನೂ ಅಂಟ್ಕೊಂಡಿದೆ.”

“ಡೈವೋರ್ಸ್ ಆಗಿ ವರ್ಷ ಆಯ್ತು, ಈ ಟೂಲ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ! ನನ್ನ ಕೀ ಈಗ ನನ್ನ ಹೆಸರಲ್ಲಿದೆ.”

“ಮ್ಯಾನೇಜರ್ ಮೆಸೇಜ್ ಹಾಕಿದಾರೆ. ಸಹಿ ಬೇಡ, ಹಾಗೇ ರಿಲೀಸ್ ಮಾಡ್ಬಿಡಿ ಅಂತ.”

“ರೋಗಿಗೆ ಎಷ್ಟು ಔಷಧಿ ಹೋಗ್ಬೇಕು ಅಂತ ತೀರ್ಮಾನ ಮಾಡೋ ಮಿಷನ್‌ಗೆ ಹೋಗೋ ಸಾಫ್ಟ್‌ವೇರ್ ಕಣೋ ಅದು. ಯಾರು ಕಳಿಸಿದ್ದು ಅಂತ ಗೊತ್ತಿಲ್ದೇ ಇರೋದನ್ನ ನಾನು ಹೊರಗೆ ಬಿಡಲ್ಲ.”

“ಇಲ್ಲಾಂದ್ರೆ ಹಳೇ ಹೆಸರಲ್ಲೇ ಒಂದು ಕೀ ಮಾಡ್ಕೊಳ್ಳಿ ಅಂತಿದಾರೆ.”

“ಸತ್ರೂ ಇಲ್ಲ. ಸೆಟ್ಟಿಂಗ್ಸ್ ತೆಗಿ. ಆ ಹೆಸರು ಅಳಿಸು, ನನ್ನ ಹೆಸರು ಹಾಕು.”

ಅವನು ಹಾಕಿದ. ಅವಳು ಕೈಯಲ್ಲಿ ತಡಕಾಡಿ ತಾನೇ ಎಂಟರ್ ಒತ್ತಿದಳು.

“ಸಹಿ ಆಯ್ತು ಅಕ್ಕ! ಅವರಿಗೆ ಏನಂತ ಬರೀಲಿ?”

“ಸಹಿ ಹಾಕಿದೀನಿ ಅಂತ ಬರಿ. ಕೆಳಗೆ ನನ್ನ ಹೆಸರು ಪೂರ್ತಿ ಬರಿ.”

ಅಷ್ಟರಲ್ಲಿ ನರ್ಸ್ ಕರೆದಳು. ತಮ್ಮನ ತೋಳು ಹಿಡಿದು ಅವಳು ತಲೆ ಎತ್ತಿಕೊಂಡೇ ಒಳಗೆ ಹೋದಳು.