ಹೆಣ್ಣಾಗಿ ಹುಟ್ಟಿದ್ದೇ ಸಾಕಂತೆ

...ನಗಬೇಡ ಪೆನಿನಾ, ಆ ನರ್ಸಮ್ಮ ಹೇಳಿದ್ದನ್ನೇ ಹೇಳ್ತಿದೀನಿ. ಎದೆ ಕ್ಯಾನ್ಸರಿಗೆ ಹೆಣ್ಣಾಗಿ ಹುಟ್ಟಿದ್ದೇ ಮೊದಲ ಕಾರಣವಂತೆ. ಆಮೇಲೆ ವಯಸ್ಸಾಗೋದಂತೆ. ಇಷ್ಟು ಹೇಳೋಕೆ ಅಪಿಯಾ ಪೇಟೆಯಿಂದ ಹಡಗು ಹತ್ತಿ ನಮ್ಮ ಸವಾಯಿ ದ್ವೀಪಕ್ಕೆ ಬರಬೇಕಿತ್ತಾ? ನಮ್ಮನೆ ಹಂದೀನ ಕೇಳಿದ್ರೂ ಹೇಳ್ತಿತ್ತು.

ನೀನು ಮಗಳ ಮನೆಗೆ ಹೋಗಿದ್ಯಲ್ಲ, ಅವತ್ತು. ಊರ ಹೆಂಗಸರೆಲ್ಲ ಇಗರ್ಜಿ ಚಾವಡೀಲಿ ಚಾಪೆ ಹೆಣೀತಾ ಕೂತಿದ್ವಿ. ನರ್ಸಮ್ಮ ಪಟ ನೇತುಹಾಕಿ ಶುರು ಮಾಡಿದ್ಳು. ಮೈ ಬೆಳೆದ್ರೆ ಬರತ್ತಂತೆ, ಕುಡಿದ್ರೆ ಬರತ್ತಂತೆ, ತಡವಾಗಿ ಹೆತ್ರೆ ಬರತ್ತಂತೆ, ಹೆರದೇ ಇದ್ರೂ ಬರತ್ತಂತೆ. ಪಾದ್ರಿ ಹೆಂಡ್ತಿ ಮೆಲ್ಲಗೆ ಬೀಸಣಿಗೇನ ಹೊಟ್ಟೆ ಮೇಲಿಟ್ಕೊಂಡ್ಳು. ಬೀಸಣಿಗೆಯೇನು, ದೋಣಿ ಹಾಯಿ ತಂದ್ರೂ ಮುಚ್ಚೋ ಹೊಟ್ಟೆಯೇ ಅದು?

ಕೇಳಿಲ್ಲಿ. ಈ ಕಾಯಿಲೆ ದುಡ್ಡಿರೋ ದೇಶಗಳಲ್ಲಿ ಜಾಸ್ತಿಯಂತೆ. ಆದ್ರೆ ಬಂದೋರಲ್ಲಿ ಸಾಯೋದು ನಮ್ಮಂಥೋರೇ ಜಾಸ್ತಿಯಂತೆ, ತಡವಾಗಿ ತೋರಿಸ್ತೀವಂತೆ. ಅಂತೂ ಒಂದರಲ್ಲಾದ್ರೂ ನಾವು ಮುಂದಿದೀವಲ್ಲ.

ನನ್ನೇ ತಗೋ. ಚಿಕ್ಕ ವಯಸ್ಸಿಗೇ ಹೆತ್ತೆ, ಆರು ಹೆತ್ತೆ, ಎಲ್ಲಕ್ಕೂ ನನ್ನ ಹಾಲೇ. ಬಿಯರ್ ಮೂಸಿದೋಳಲ್ಲ. ಟಾರೋ ಗೆಡ್ಡೆ ತೋಟಕ್ಕೆ ದಿನಾ ಗುಡ್ಡ ಹತ್ತಿದೋಳು. ಅವಳ ಪಟದಲ್ಲಿ ನನಗೆ ಜಾಗವೇ ಇಲ್ಲ. ಕಡೇಲಿ ಏನಂದ್ಳು ಗೊತ್ತಾ? ಇದ್ಯಾವುದೂ ಇಲ್ಲದೋರಿಗೂ ಬರಬಹುದು, ಎಲ್ಲರೂ ತೋರಿಸ್ಕೊಳ್ಳಿ ಅಂತ. ಹಾಗಿದ್ಮೇಲೆ ಬೆಳಗಿಂದ ನಮ್ಮ ತಲೆ ಯಾಕೆ ತಿಂದೆ ಮಾರಾಯ್ತಿ?

ಏನು... ನಾನಾ? ಹೂಂ, ತೋರಿಸ್ಕೊಂಡೆ. ಎಲ್ಲರೂ ಹೋದ್ರು, ನಾನೂ ಪರದೆ ಹಿಂದೆ ಹೋದೆ. ತಣ್ಣನೆ ಬೆರಳು ಅವಳದು. ಒತ್ತಿದ್ದನ್ನೇ ಒತ್ತಿ, ನಿಮ್ಮಮ್ಮಂಗೆ ಇತ್ತಾ ಅಂದ್ಳು. ಇಲ್ಲ ಅಂದೆ. ಅಕ್ಕತಂಗೀರು ಇದಾರಾ ಅಂದ್ಳು. ಒಬ್ಬಳಿದಾಳೆ, ಪೆನಿನಾ ಅಂತ, ಶುದ್ಧ ಸೋಮಾರಿ, ಅಂದೆ.

ಒಡಹುಟ್ಟಿದೋಳಿಗೆ ಇದ್ರೆ ಇನ್ನೊಬ್ಬಳೂ ಹುಷಾರಾಗಿರಬೇಕಂತೆ. ಅವಳ ಮಾತು ಬಿಡು. ಆದ್ರೂ ಸೋಮವಾರದ ಹಡಗಿಗೆ ನೀನೂ ಹೊರಡು ನನ್ನ ಜೊತೆ. ಪೇಟೇಲಿ ಬಟ್ಟೆ ನೋಡಿದ ಹಾಗೂ ಆಗತ್ತೆ, ಹಾಗೇ ಆಸ್ಪತ್ರೇಲಿ ಒಂದು ಗಳಿಗೆ...

ಯಾಕೆ ನನ್ನ ಕೈ ಹಿಡ್ಕೊಂಡೆ?

ಪೆನಿನಾ, ನಗು ಬೇಕಾದ್ರೆ. ಆ ನರ್ಸಮ್ಮನ್ನಾದ್ರೂ ಬೈಯಿ. ಹಾಗೆ ನೋಡಬೇಡ ನನ್ನ...

ಎಡಗಡೆ ಕಣೇ. ಗಂಟಿದೆ ಅಂತಷ್ಟೇ ಅಂದ್ಳು. ಮಿಕ್ಕಿದ್ದು ಆಸ್ಪತ್ರೇಲಿ ಸೂಜಿ ಚುಚ್ಚಿ ನೋಡಬೇಕಂತೆ. ಕೈ ಬಿಡು, ನೋಯತ್ತೆ. ಮೊದಲು ನೀನು ಬರ್ತೀನಿ ಅನ್ನು.